ಹುಬ್ಬಳ್ಳಿಯಲ್ಲಿ ಒಬ್ಬ ಮನುಷ್ಯ ಬೇಕು

ನಮ್ಮ ಹಿತ್ತಿಲಲ್ಲಿ ನಿಂತರೆ ರೈಲಿನ ಕೂಗು ಕೇಳುತ್ತದೆ. ಕಾರವಾರದ ನಿಲ್ದಾಣ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ. ಶಿರವಾಡ ನಮ್ಮ ಕದ್ವಾಡದ ಮಗ್ಗುಲಿಗೇ. ಗಾಡಿ ಹಿಡಿಯಬೇಕಾದರೆ ಪೇಟೆಯವರು ರಿಕ್ಷಾ ಮಾಡಿಕೊಂಡು ನಮ್ಮ ದಿಕ್ಕಿಗೆ ಬರಬೇಕು ಎನ್ನುವುದು ಕದ್ವಾಡದವರಿಗೆ ಸಣ್ಣದೊಂದು ಸಮಾಧಾನ. ಕೆಲವರು ಕಡವಾಡ ಎಂದು ಬರೆಯುತ್ತಾರೆ, ನಮ್ಮ ಬಾಯಲ್ಲಿ ಅದು ಕದ್ವಾಡವೇ. ಕಡೆಯ ವಾಡೆ ಕದ್ವಾಡವಾಯಿತು, ಅದೇ ಮುಂದೆ ಕಾರವಾರವಾಯಿತು ಎಂದು ಹೇಳುವುದುಂಟು. ಹಾಗಾಗಿ ನಿಲ್ದಾಣದ ಹಳದಿ ಹಲಗೆಯ ಮೇಲೆ ಕಾರವಾರ ಎಂದಿದ್ದರೂ ನಾವು ಅದನ್ನು ನಮ್ಮದೇ ಹೆಸರು ಎಂದು ಓದಿಕೊಳ್ಳುತ್ತೇವೆ.

ನನಗೆ 35 ತುಂಬುವವರೆಗೆ ಈ ಕೂಗು ಇರಲಿಲ್ಲ. ನಾನು ಹುಟ್ಟಿದ್ದು 1962ರಲ್ಲಿ. ಅಂಕೋಲೆಯ ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುತ್ತ ಅರ್ಧ ಆಯುಷ್ಯ ಕಳೆದೆ. ಆ ಅರ್ಧದ ಅರ್ಧದಷ್ಟು ಕಾಲ, ರೈಲು ಎಂದರೆ ಘಟ್ಟದ ಮೇಲಿನ ಸಂಗತಿ.

ಹೋದ ವರ್ಷ ಬೋಲ್ಪುರಕ್ಕೆ ಹೋಗಬೇಕೆಂದು ಮನಸ್ಸಾಯಿತು. ಬೋಲ್ಪುರ ಎಂದರೆ ಶಾಂತಿನಿಕೇತನ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿಟ್ಟುಕೊಂಡು, ಅವರ ಊರನ್ನು ಒಮ್ಮೆಯಾದರೂ ನೋಡದೆ ನಿವೃತ್ತಿಯ ದಿನ ಕಳೆಯುವುದು ಸರಿಯಲ್ಲ ಅನಿಸಿತ್ತು. ಅಣ್ಣನ ಮಗಳು ಮೊಬೈಲ್ ತೆಗೆದಳು. "ಅತ್ತೆ, ಎರಡು ನಿಮಿಷದ ಕೆಲಸ. 60 ದಿವಸ ಮೊದಲು ಬುಕಿಂಗ್ ತೆರೀತದೆ, ಅಷ್ಟೇ." ಮೊದಲು 120 ದಿನ ಇತ್ತು, 2024ರ ನವೆಂಬರ್ 1ರಿಂದ 60ಕ್ಕೆ ಇಳಿಸಿದ್ದಾರೆ ಎಂದೂ ಹೇಳಿದಳು. ಆ ಎರಡು ನಿಮಿಷದ ಕೆಲಸಕ್ಕೆ ನಾನು ಮೂರು ವಾರ ತೆಗೆದುಕೊಂಡೆ. ಅವಳಿಗೆ ಸಿಟ್ಟು ಬಂತು. ರೈಲಿಲ್ಲದ ಊರಿನಲ್ಲಿ ರೈಲು ಪ್ರಯಾಣದ ತಯಾರಿ ಹೇಗಿರುತ್ತಿತ್ತು ಎನ್ನುವುದು ಅವಳಿಗೆ ಗೊತ್ತಾಗುವುದಾದರೂ ಹೇಗೆ?

ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ರೈಲಿಗೆ ಆಗಗಾಡಿ ಎನ್ನುತ್ತಿದ್ದಳು. ಹಡಗಿಗೆ ಆಗಬೋಟು. ಎರಡೂ ಬೆಂಕಿಯಿಂದ ಓಡುವವು, ಆದ್ದರಿಂದ ಎರಡಕ್ಕೂ ಆಗ್. ಅವಳ ಕಾಲದ ಕಾರವಾರದವರಿಗೆ ಆಗಬೋಟಿನ ಗುರುತೇ ಹೆಚ್ಚು. ಮುಂಬೈಗೆ ಹೋಗುವುದೆಂದರೆ ಬಂದರಿಗೆ ಹೋಗಿ, ದೋಣಿಯಲ್ಲಿ ಕುಳಿತು, ನೀರಿನಲ್ಲಿ ನಿಂತ ಹಡಗನ್ನು ಹತ್ತುವುದು. ಮಳೆಗಾಲ ಹಿಡಿಯಿತೋ, ಹಡಗು ಬಂದ್. ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು, ಕಡಲು ತಣ್ಣಗಾದ ಮೇಲೆ ಮತ್ತೆ ಸುರು. ಮುಂಬೈಯಲ್ಲಿ ನೌಕರಿಗಿದ್ದ ಮಗ ಜೂನಿನಲ್ಲಿ ಊರಿಗೆ ಬಂದು ಸಿಕ್ಕಿಕೊಂಡರೆ ನೌಕರಿ ಹೋಯಿತೆಂದೇ ಲೆಕ್ಕ. ಇಲ್ಲವೇ ಘಟ್ಟ ಹತ್ತಿ ಹುಬ್ಬಳ್ಳಿಯಿಂದ ಸುತ್ತಿಕೊಂಡು ಹೋಗಬೇಕು. ಕರಾವಳಿಯವರ ಮದುವೆ, ಮುಂಜಿ, ವರ್ಗಾವಣೆ ಎಲ್ಲವೂ ಹಡಗಿನ ಪಂಚಾಂಗ ನೋಡಿಕೊಂಡೇ ನಡೆಯುತ್ತಿದ್ದವು.

ಟಾಗೋರರು ಇಲ್ಲಿಗೆ ಬಂದದ್ದು 1883ರಲ್ಲಿ, ಇಪ್ಪತ್ತೆರಡರ ಹುಡುಗ. ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋದದ್ದು, ಹಳೆಯ ಕೋಟೆಯ ಬುಡದಲ್ಲಿ ಇಳಿದದ್ದು, ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕುಳಿತದ್ದು, ಬೆಳದಿಂಗಳಲ್ಲಿ ಮರಳಿನ ಮೇಲೆ ನಡೆದು ಮರಳಿದ್ದು ಇವೆಲ್ಲ ಅವರ ನೆನಪಿನ ಪುಸ್ತಕದಲ್ಲಿವೆ. 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದು ಇಲ್ಲಿಯೇ. ಅದರ ಕೆಲವು ಹಾಡುಗಳು ಮಾತ್ರ ಊರಿನಲ್ಲಿ ಹುಟ್ಟಿದವಲ್ಲ. ವಾಪಸು ಹೋಗುವಾಗ ಹಡಗಿನ ಅಟ್ಟದ ಮೇಲೆ ಕುಳಿತು ಕಟ್ಟಿದವು. ಆಗ ರೈಲಿದ್ದಿದ್ದರೆ ಆ ಹಾಡುಗಳು ಹುಟ್ಟುತ್ತಿದ್ದವೋ ಇಲ್ಲವೋ ಎಂದು ನಾನು ಮಕ್ಕಳನ್ನು ಕೇಳುತ್ತಿದ್ದೆ. ಒಬ್ಬ ಹುಡುಗ, "ರೈಲಾಗಿದ್ರೆ ಜಾಗ ಹಿಡಿಯೂದ್ರಲ್ಲೇ ಹೋಗ್ತಿತ್ತು ಅಕ್ಕೋರೆ" ಎಂದಿದ್ದ.

ಆ ಹುಡುಗನ ತರಗತಿಯಲ್ಲೇ ಇನ್ನೊಂದು ಪ್ರಶ್ನೆಯೂ ಬಂದಿತ್ತು. ಅಂಗಡಿಯಲ್ಲಿ ಕೊಂಡು ತಂದ ಕರ್ನಾಟಕದ ನಕಾಶೆಯಲ್ಲಿ ರೈಲು ಮಾರ್ಗಗಳನ್ನು ತುಂಬಿಸುವ ಪಾಠ. ಕಪ್ಪು ಗೆರೆ, ಅದರ ಮೇಲೆ ಅಡ್ಡ ಗೀರು. ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್, ಅಲ್ಲಿಂದ ಗೋವೆ. ಅಳ್ನಾವರದಿಂದ ದಾಂಡೇಲಿಗೆ ಒಂದು ಬಾಲ. ಮಂಗಳೂರಿನಿಂದ ಮೇಲೆ ಕಾರವಾರದವರೆಗೆ ಕರಾವಳಿ ಬರಿದೋ ಬರಿದು. "ಅಕ್ಕೋರೆ, ಗೆರೆ ಸಮುದ್ರದ ತನಕ ಬಂದದೆ, ಆದ್ರೆ ಗೋವಾದ ಸಮುದ್ರಕ್ಕೆ. ನಮ್ಮ ಸಮುದ್ರಕ್ಕೆ ಎಂತಕ್ಕೆ ಇಲ್ಲ?" ಕ್ಯಾಸಲ್‌ರಾಕ್ ನಮ್ಮದೇ ಜಿಲ್ಲೆ. ಅಂದರೆ ಉತ್ತರ ಕನ್ನಡದ ತಲೆಯ ಮೇಲೆ ನೂರು ವರ್ಷಗಳಿಂದ ರೈಲು ಓಡುತ್ತಿತ್ತು, ಕಾಲಿಗೆ ಇರಲಿಲ್ಲ. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾನೇ ಹುಡುಕಿ ಹೇಳಬೇಕಾಯಿತು.

ಉತ್ತರ ಹತ್ತಿಯಿಂದ ಸುರುವಾಗುತ್ತದೆ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಮುಂಬೈಗೆ, ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಲಿವರ್‌ಪೂಲಿನ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಇಳಿಸುವವರು ಲಂಬಾಣಿಗರು, ಹೇರೆತ್ತುಗಳ ಮೇಲೆ. ಹತ್ತುವಾಗ ಅದೇ ಎತ್ತುಗಳ ಬೆನ್ನಿಗೆ ಸಾಣಿಕಟ್ಟೆಯ ಉಪ್ಪು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಯವರ ಕಣ್ಣು ನಮ್ಮ ಕಡೆ ಬಿತ್ತು. ಕಾರವಾರದ ಕೊಲ್ಲಿ ಆಳವಾದದ್ದು, ದ್ವೀಪಗಳ ಮರೆಯಿರುವುದು. ಇಲ್ಲೊಂದು ದೊಡ್ಡ ಬಂದರು ಮಾಡಿ, ಇಲ್ಲಿಂದ ಧಾರವಾಡಕ್ಕೆ ದಾರಿ ಮಾಡಿದರೆ ಆಯಿತು ಎಂದು ಲೆಕ್ಕ ಹಾಕಿದರು. ಮದರಾಸು ಸರ್ಕಾರದ ಕೈಯಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬೈಗೆ ವರ್ಗಾಯಿಸಿದ್ದರ ಹಿಂದೆ ಈ ಲೆಕ್ಕವೂ ಇತ್ತು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಬಂತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎನ್ನುವವರು ಹತ್ತಿ ಒತ್ತುವ ಯಂತ್ರಗಳನ್ನು ಸದಾಶಿವಗಡಕ್ಕೆ ಕಳಿಸಿದರು. ಯಂತ್ರ ಬಂದಾಗ ದಾರಿ ಮುಗಿದಿರಲಿಲ್ಲ. ದಾರಿ ಮುಗಿಯುವ ಹೊತ್ತಿಗೆ ಅಮೆರಿಕದ ಯುದ್ಧ ಮುಗಿದಿತ್ತು, ಹತ್ತಿಯ ಬೆಲೆ ಬಿದ್ದಿತ್ತು.

ಆದರೂ ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕುವ ಮಾತು ಮತ್ತೆ ಮತ್ತೆ ಎದ್ದಿತು. ಅದಕ್ಕೆ ಕೊನೆಯ ಮೊಳೆ ಹೊಡೆದದ್ದು 1878ರ ಡಿಸೆಂಬರಿನಲ್ಲಿ ಇಂಗ್ಲಿಷರೂ ಪೋರ್ಚುಗೀಜರೂ ಮಾಡಿಕೊಂಡ ಒಪ್ಪಂದ. ಅದರಂತೆ ರೈಲು ಇಳಿಯಬೇಕಾದ ಬಂದರು ಗೋವೆಯ ಮುರ್ಮಗೋವಾ ಎಂದಾಯಿತು. 1888ರಲ್ಲಿ ಘಟ್ಟದ ಮಾರ್ಗ ಪೂರ್ತಿಯಾಗಿ ಕ್ಯಾಸಲ್‌ರಾಕ್‌ನಲ್ಲಿ ಸದರ್ನ್ ಮರಾಠಾ ರೈಲ್ವೆಗೆ ಕೂಡಿಕೊಂಡಿತು. ಹತ್ತಿ ಆ ಕಡೆ ಹೊರಳಿತು. ನಮ್ಮ ಬಂದರಿನಲ್ಲಿ ದೀಪಸ್ತಂಭವೊಂದು ಉಳಿಯಿತು. ಎಲ್ಲೋ ದೂರದಲ್ಲಿ ಕುಳಿತವರು ಹಾಕಿದ ಸಹಿಯಿಂದಾಗಿ ನನ್ನ ಅಜ್ಜಿ ಅರವತ್ತು ದಾಟುವವರೆಗೆ ರೈಲಿನ ಮುಖ ಕಾಣಲಿಲ್ಲ ಎಂದು ನಾನು ಹುಡುಗರಿಗೆ ಹೇಳಿದೆ. ಸಮಾಜ ಪಾಠವನ್ನು ಹಾಗೆ ಹೇಳಿದರೆ ಅವರಿಗೆ ಕೂಡಲೇ ತಿಳಿಯುತ್ತದೆ.

ಅಜ್ಜಿ ರೈಲಿನ ಮುಖ ಕಂಡದ್ದು 1979ರ ಮಾಘದಲ್ಲಿ, ಕಾಶಿಗೆ ಹೊರಟಾಗ. ಅವಳಿಗೆ 1977ರ ಪ್ರಯಾಗದ ಕುಂಭಮೇಳಕ್ಕೇ ಹೋಗಬೇಕೆಂದಿತ್ತು. ಅಪ್ಪ ಗದ್ದಲಕ್ಕೆ ಹೆದರಿ ಬೇಡ ಎಂದಿದ್ದ. ಆ ಮಾತಿಗೆ ಎರಡು ವರ್ಷ ಮುಖ ಊದಿಸಿಕೊಂಡಿದ್ದಳು. ಕೊನೆಗೆ ಅಪ್ಪ, ಆಯಿ, ಅಜ್ಜಿ, ನಾನು ನಾಲ್ವರು ಹೊರಡುವುದೆಂದಾಯಿತು. ನನ್ನನ್ನು ಕರೆದುಕೊಂಡದ್ದು ಪುಣ್ಯಕ್ಕಲ್ಲ, ಎಲ್ಲರೂ ನೀರಿಗಿಳಿದಾಗ ಗಂಟು ಕಾಯಲು.

ಕಾರವಾರದ ಕಡೆ ಆಗ ಒಂದು ಮಾತಿತ್ತು: ದೂರದ ಊರಿಗೆ ಹೋಗಬೇಕಾದರೆ ಹುಬ್ಬಳ್ಳಿಯಲ್ಲಿ ಒಬ್ಬ ಮನುಷ್ಯ ಬೇಕು. ಗಾಡಿಯ ಜಾಗ ಕಾದಿರಿಸುವುದು ಹುಬ್ಬಳ್ಳಿ ಸ್ಟೇಷನ್ನಿನ ಖಿಡಕಿಯಲ್ಲಿ. ಹುಬ್ಬಳ್ಳಿ ಇಲ್ಲಿಂದ ಸುಮಾರು 165 ಕಿ.ಮೀ. ನಸುಕಿನಲ್ಲಿ ಎದ್ದು ಸರತಿಯಲ್ಲಿ ನಿಲ್ಲುವ, ಖಿಡಕಿಯವರು "ನಾಳೆ ಬರ್ರಿ" ಎಂದರೆ ನಾಳೆಯೂ ಹೋಗುವ ಮನುಷ್ಯನೊಬ್ಬ ಅಲ್ಲಿ ಇರಬೇಕು. ಕಾಲೇಜು ಕಲಿಯುವ ಹುಡುಗ, ಅಂಗಡಿಯಲ್ಲಿ ಲೆಕ್ಕ ಬರೆಯುವ ಭಾವ, ದವಾಖಾನೆಯ ನರ್ಸ್, ಯಾರಾದರೂ ಆಗಬಹುದು. ಅಂಥವರಿಲ್ಲದ ಮನೆಯವರು ಇದ್ದವರ ಮನೆಗೆ ಬಂದು ಚಹಾ ಕುಡಿದು, ಹೊತ್ತು ಕಳೆದು, ಹೊರಡುವಾಗ ಹೊಸ್ತಿಲಲ್ಲಿ ನಿಂತು ವಿಷಯ ತೆಗೆಯುತ್ತಿದ್ದರು. ನಮ್ಮ ಮನುಷ್ಯ ಆಯಿಯ ತಮ್ಮ, ನನ್ನ ಮಾಮ. ಹುಬ್ಬಳ್ಳಿಯಲ್ಲಿ ಕಲಿಯುತ್ತಿದ್ದ. ಅವನ ಉಪಕಾರಕ್ಕೆ ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಷಾಡು ಮಾವಿನ ಒಂದು ಬುಟ್ಟಿ, ಉಳಿದ ಕಾಲದಲ್ಲಿ ಒಣಸೀಗಡಿ. ಅವನು ಪಾಸಾಗಿ ಬೇರೆ ಊರಿಗೆ ಹೋದ ವರ್ಷ ಕದ್ವಾಡದ ಅರ್ಧ ಕೇರಿ ಅನಾಥವಾಯಿತು.

ಮಾಮ ಹುಡುಕಿ ತಿಳಿಸಿದ ಉಪಾಯ ಸರ್ಕ್ಯುಲರ್ ಟಿಕೆಟ್. ಹೊರಟ ಸ್ಟೇಷನ್ನಿಗೇ ಮರಳಿ ಬಂದು ಮುಗಿಯುವ ಒಂದೇ ಟಿಕೆಟ್. ಎಲ್ಲೆಲ್ಲಿ ಇಳಿದು ಎಷ್ಟು ದಿನ ತಂಗುತ್ತೀರಿ ಎಂದು ಮೊದಲೇ ಬರೆದು ಅರ್ಜಿ ಕೊಟ್ಟರೆ ಡಿವಿಜನ್ ಆಫೀಸಿನಲ್ಲಿ ಲೆಕ್ಕ ಮಾಡಿ ಕೊಡುತ್ತಾರೆ. ರೈಲಿನ ದರ ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಕಡಿಮೆಯಾಗುತ್ತ ಹೋಗುತ್ತದೆ. ಆದ್ದರಿಂದ ತುಂಡು ತುಂಡು ಟಿಕೆಟ್ ಕೊಳ್ಳುವವನಿಗಿಂತ ಇಡೀ ದೇಶ ಸುತ್ತುವವನಿಗೆ ಅಗ್ಗ. ಅಪ್ಪ ಅಂಗಳದಲ್ಲಿ ಕುಳಿತು, ಮಾಮ ಕಳಿಸಿದ ಟೈಮ್ ಟೇಬಲ್ ಪುಸ್ತಕ ತೊಡೆಯ ಮೇಲಿಟ್ಟು ಮಾರ್ಗ ಬರೆದ. ಹುಬ್ಬಳ್ಳಿ, ಮೀರಜ್, ಪುಣೆ, ಕಲ್ಯಾಣ, ಅಲಾಹಾಬಾದ್, ಕಾಶಿ, ಗಯಾ, ಹೌರಾ, ಮದ್ರಾಸ್, ಬೆಂಗಳೂರು, ಹುಬ್ಬಳ್ಳಿ. ಮದ್ರಾಸಿನಿಂದ ರಾಮೇಶ್ವರಕ್ಕೆ ಹೋಗಿಬರುವ ಟಿಕೆಟ್ ಬೇರೆ.

ಇದನ್ನು ಓದಿ ಹೇಳಿದಾಗ ಅಜ್ಜಿ ತಕರಾರು ತೆಗೆದಳು. ಶಾಸ್ತ್ರದ ಪ್ರಕಾರ ಮೊದಲು ರಾಮೇಶ್ವರಕ್ಕೆ ಹೋಗಿ ಸೇತುವಿನ ಮರಳು ತರಬೇಕು, ಅದನ್ನು ಪ್ರಯಾಗದಲ್ಲಿ ಬಿಡಬೇಕು, ಅಲ್ಲಿಂದ ಗಂಗೆಯನ್ನು ತುಂಬಿಕೊಂಡು ಮತ್ತೆ ರಾಮೇಶ್ವರಕ್ಕೆ ಹೋಗಿ ಅಭಿಷೇಕ ಮಾಡಿಸಬೇಕು. ರಾಮೇಶ್ವರ ಎರಡು ಸಲ. ಅಪ್ಪ ಹೇಳಿದ, "ಆಯಿ, ರೈಲ್ವೆಯವರ ವರ್ತುಲದಲ್ಲಿ ಹಾಗೆ ಆಗೂದಿಲ್ಲ." "ರೈಲ್ವೆಯವರು ಕಾಶಿಗೆ ಹೋಗಿದ್ರೇನೋ?" ಕೊನೆಗೆ ಭಟ್ಟರನ್ನು ಕರೆಸಿದರು. ಅವರು ಟೈಮ್ ಟೇಬಲ್ಲನ್ನೂ ಕೈಯಲ್ಲಿ ಹಿಡಿದು ನೋಡಿ, ರಾಮೇಶ್ವರದಿಂದ ಬಂದವರ ಮನೆಯಲ್ಲಿ ಮರಳು ಇದ್ದರೆ ಒಂದು ಚಿಟಿಕೆ ಕೇಳಿ ಒಯ್ದರೂ ಆಗುತ್ತದೆ ಎಂದರು. ಹಳಗದ ಒಂದು ಮನೆಯಲ್ಲಿ ಸಿಕ್ಕಿತು. ಆ ಮರಳನ್ನು ಅಜ್ಜಿ ಹೊಗೆಸೊಪ್ಪಿನ ಡಬ್ಬಿಯಲ್ಲಿ ಹಾಕಿಕೊಂಡಳು.

ಸಾಮಾನು ಹೀಗಿತ್ತು: ಒಂದು ಟ್ರಂಕು, ಒಂದು ಹೋಲ್ಡಾಲು, ಒಂದು ಕೂಜಾ, ಸೀಮೆಎಣ್ಣೆಯ ಸ್ಟೋವ್, ಚಟ್ಟಂಬಡೆಯ ಡಬ್ಬಿ, ಹಚ್ಚಿದ ಅವಲಕ್ಕಿ, ಮುರುಗಲು ಸಿಪ್ಪೆ, ಉಪ್ಪಿನಕಾಯಿ, ಬೆಲ್ಲ, ತೆಂಗಿನಕಾಯಿ ಹತ್ತು. ಹತ್ತು ತೆಂಗಿನಕಾಯಿ ಏಕೆಂದರೆ, ಉತ್ತರದಲ್ಲಿ ಕಾಯಿ ಸಿಗುವುದಿಲ್ಲ, ಸಿಕ್ಕರೂ ಅದು ಕಾಯಲ್ಲ ಎಂದು ಯಾರೋ ಹೇಳಿದ್ದರು. ಅವನ್ನು ಹೊತ್ತದ್ದು ನಾನು.

ಬಸ್ಸು ಕಾರವಾರ ಬಿಟ್ಟು ಅಂಕೋಲೆ, ಸುಂಕಸಾಳ, ರಾಮನಗುಳಿ, ಗುಳ್ಳಾಪುರ. ಅರಬೈಲ್ ಘಟ್ಟ ಹತ್ತುವಾಗ ಎಲ್ಲ ಹೆಂಗಸರ ಕೈಯಲ್ಲೂ ಒಂದೊಂದು ಲಿಂಬೆಹಣ್ಣು, ಮೂಗಿನ ಹತ್ತಿರ. ಆ ದಿನ ಘಟ್ಟದ ತಿರುವಿನಲ್ಲಿ ದಿಮ್ಮಿ ತುಂಬಿದ ಲಾರಿಯೊಂದು ಅಡ್ಡಬಿದ್ದಿತ್ತು. ಎರಡೂ ಕಡೆ ಬಸ್ಸುಗಳ ಸಾಲು. ದಿಮ್ಮಿ ಉರುಳಿಸಿ ದಾರಿ ಬಿಡಿಸುವ ಹೊತ್ತಿಗೆ ನಾಲ್ಕು ತಾಸು. ಅಪ್ಪ ಗಡಿಯಾರ ನೋಡುವುದನ್ನು ಬಿಟ್ಟು ಕಾಡು ನೋಡುತ್ತ ಕುಳಿತ. ಹುಬ್ಬಳ್ಳಿ ಮುಟ್ಟಿದಾಗ ನಮ್ಮ ಗಾಡಿ ಹೋಗಿಯಾಗಿತ್ತು. ಮಾಮ ಪ್ಲಾಟ್‌ಫಾರ್ಮಿನಲ್ಲಿ ಒಬ್ಬನೇ ನಿಂತಿದ್ದ. ಮಾರನೆಯ ದಿನದ ಗಾಡಿಗೆ ಜಾಗ ಬದಲಿಸಲು ಆಗಲೇ ಖಿಡಕಿಗೆ ಹೋಗಿ ಬಂದಿದ್ದ. ಹುಬ್ಬಳ್ಳಿಯಲ್ಲಿ ಒಬ್ಬ ಮನುಷ್ಯ ಯಾಕೆ ಬೇಕು ಎನ್ನುವುದು ನನಗೆ ಅರ್ಥವಾದದ್ದು ಆಗ. ಘಟ್ಟಕ್ಕೆಂದು ಒಂದು ದಿನ ಕೈಯಲ್ಲಿ ಇಟ್ಟುಕೊಂಡೇ ಹೊರಡಬೇಕು ಎನ್ನುವುದೂ ಅವತ್ತೇ ತಿಳಿಯಿತು.

ಕಾರ್ಡು ಟಿಕೆಟ್ ಎಲ್ಲರೂ ನೋಡಿದ್ದಾರೆ, ದಪ್ಪ ರಟ್ಟಿನದು. ನಮ್ಮದು ಕಾಗದದ್ದು, ಊರುಗಳ ಹೆಸರುಗಳನ್ನು ಕಾರ್ಬನ್ ಇಟ್ಟು ಕೈಯಲ್ಲೇ ಬರೆದಿದ್ದರು. ಅಪ್ಪ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಚೀಲವನ್ನು ಬನಿಯನ್ನಿನ ಒಳಗೆ ಪಿನ್ನು ಹಾಕಿಟ್ಟುಕೊಂಡಿದ್ದ. ಟಿಸಿ ಬಂದಾಗಲೆಲ್ಲ ಅಂಗಿ ಬಿಚ್ಚಬೇಕು. ಟಿಕೆಟ್ ಇದ್ದ ಮಾತ್ರಕ್ಕೆ ಮಲಗಲು ಜಾಗ ಇದೆ ಎಂದಲ್ಲ. ಮುಂದಿನ ಗಾಡಿಗಳ ಜಾಗಕ್ಕೆ ಹುಬ್ಬಳ್ಳಿಯಿಂದ ರೈಲ್ವೆಯವರು ತಂತಿ ಕಳಿಸುತ್ತಿದ್ದರು. ಉತ್ತರ ಬಂದರೆ ಪುಣ್ಯ, ಬಾರದಿದ್ದರೆ ಆ ಸ್ಟೇಷನ್ನಿನಲ್ಲಿಳಿದು ಚಾರ್ಟಿನ ಮುಂದೆ ನಿಂತು ಹೆಸರು ಹುಡುಕಬೇಕು. ನನ್ನ ಅಪ್ಪನ ಹೆಸರು ದೇಶದುದ್ದಕ್ಕೂ ಎಷ್ಟು ಬಗೆಯಲ್ಲಿ ತಪ್ಪಾಗಿ ಬರೆಯಬಹುದೋ ಅಷ್ಟೂ ಬಗೆಯಲ್ಲಿ ಚಾರ್ಟುಗಳ ಮೇಲೆ ಕಂಡೆ.

ಹುಬ್ಬಳ್ಳಿಯಿಂದ ಮೀರಜ್‌ವರೆಗೆ ಮೀಟರ್ ಗೇಜು, ಅಲ್ಲಿಂದ ಮುಂದೆ ಬ್ರಾಡ್ ಗೇಜು. ಗಂಟುಮೂಟೆಯೆಲ್ಲ ಒಂದು ಗಾಡಿಯಿಂದ ಇಳಿದು ಇನ್ನೊಂದು ಗಾಡಿಗೆ. ಮೀರಜ್‌ನ ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ ಅಜ್ಜಿ ದೊಡ್ಡ ಗಾಡಿಯ ಹಳಿಗಳನ್ನು ಬಗ್ಗಿ ನೋಡಿದಳು. ಎರಡು ಹಳಿಗಳ ನಡುವಿನ ಅಗಲವನ್ನು ಕಣ್ಣಲ್ಲೇ ಅಳೆದು, "ಇಲ್ಲಿ ಎರಡು ಸೀರೆ ಒಣಹಾಕಬಹುದು" ಎಂದಳು. ಒಂದು ಮೀಟರ್ ಎಲ್ಲಿ, 1,676 ಮಿಲಿಮೀಟರ್ ಎಲ್ಲಿ! ಮುಂದೆ ಎಷ್ಟೋ ವರ್ಷ ತರಗತಿಯಲ್ಲಿ ಗೇಜುಗಳ ವ್ಯತ್ಯಾಸವನ್ನು ಅಜ್ಜಿಯ ಅಳತೆಯಲ್ಲೇ ಹೇಳಿಕೊಟ್ಟೆ.

ಆ ಕಾಲಕ್ಕೆ ಮೂರನೇ ದರ್ಜೆ ಇರಲಿಲ್ಲ. 1974ರಲ್ಲೇ ಅದರ ಹೆಸರನ್ನು ಎರಡನೇ ದರ್ಜೆ ಎಂದು ಬದಲಿಸಿದ್ದರು. ಹಲಗೆ ಮಾತ್ರ ಅದೇ. ಮಧು ದಂಡವತೆಯವರು ರೈಲ್ವೆ ಮಂತ್ರಿಯಾಗಿದ್ದ ಕಾಲ. ಎರಡನೇ ದರ್ಜೆಯ ಬರಿಯ ಮರದ ಹಲಗೆಗೆ ಎರಡಿಂಚು ಸ್ಪಂಜು ಹಾಕಿಸಿದ ಪುಣ್ಯಾತ್ಮರು. 1977ರ ಕೊನೆಗೆ ಮುಂಬೈಯಿಂದ ಹೌರಾಕ್ಕೆ ಬಿಟ್ಟ, ದರ್ಜೆಗಳೇ ಇಲ್ಲದ ಗೀತಾಂಜಲಿ ಎಕ್ಸ್‌ಪ್ರೆಸ್ ಅವರದೇ. ಕಲ್ಯಾಣದಲ್ಲಿ ಹತ್ತಿದ ಡಬ್ಬಿಯಲ್ಲಿ ನಮಗೆ ಸ್ಪಂಜು ಸಿಕ್ಕಿತು. ಹುಬ್ಬಳ್ಳಿಯಿಂದ ಹಲಗೆಯ ಮೇಲೆ ಉರುಳಿ ಬಂದಿದ್ದ ಅಜ್ಜಿ ಅದನ್ನು ಒತ್ತಿ ಒತ್ತಿ ನೋಡಿದಳು. ದಂಡವತೆಯವರು ಕೊಂಕಣದ ರಾಜಾಪುರದ ಎಂಪಿ. ಕೊಂಕಣದ ಕರಾವಳಿಗೆ ರೈಲು ಬರಬೇಕೆಂದು ಬಹಳ ಕಾಲ ದನಿಯೆತ್ತಿದವರಲ್ಲಿ ಅವರೂ ಒಬ್ಬರು. ಆ ಸ್ಪಂಜಿನ ಮೇಲೆ ಮಲಗಿದ್ದ ನಮಗೆ ಅದೆಲ್ಲ ಗೊತ್ತಿರಲಿಲ್ಲ.

ಕಾಶಿ, ಗಯೆಗಳ ಕಥೆಯನ್ನು ಬಹಳ ಮಂದಿ ಹೇಳಿದ್ದಾರೆ, ನಾನು ಹೇಳುವುದಿಲ್ಲ. ಪಾಂಬನ್ ಸೇತುವೆಯನ್ನು ಮಾತ್ರ ಬಿಡಲಾರೆ. 1914ರದ್ದು. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಡಿ ಊರೇ ಹೋದರೂ ಸೇತುವೆಯನ್ನು ಮತ್ತೆ ಎತ್ತಿ ನಿಲ್ಲಿಸಿದ್ದರು. ಗಾಡಿ ನಡೆಯುವ ಮನುಷ್ಯನ ವೇಗದಲ್ಲಿ ಸಮುದ್ರದ ಮೇಲೆ ಹೋಗುತ್ತಿತ್ತು. ಡಬ್ಬಿಯಲ್ಲಿದ್ದ ಬೇರೆಯವರು ಕೈಮುಗಿದು ಕುಳಿತಿದ್ದರು. ಕಾಶಿಯಲ್ಲಿ ಬೆಸುಗೆ ಹಾಕಿಸಿದ ಗಂಗೆಯ ಗಿಂಡಿಯನ್ನು ಮಡಿಲಲ್ಲಿಟ್ಟುಕೊಂಡ ಅಜ್ಜಿ ಖಿಡಕಿಯಿಂದ ಹಣಕಿ, "ಇಷ್ಟೇ ನೀರಲ್ಲವಾ, ನಮ್ಮ ಕಾಳಿಯ ಹಾಗೆ" ಎಂದಳು. ಸದಾಶಿವಗಡದ ತವರಿಗೆ ಹೋಗಲು ಕೋಡಿಬಾಗದಲ್ಲಿ ತರಿ ಹತ್ತಿ ಜೀವಮಾನವೆಲ್ಲ ಕಾಳಿ ದಾಟಿದವಳು. ಕಾಳಿಗೆ ಆಗ ಸೇತುವೆಯಿರಲಿಲ್ಲ. ಹೆದ್ದಾರಿಯ ಸೇತುವೆ ಬಂದದ್ದು 1980ರ ದಶಕದಲ್ಲಿ, ಅದು ಕುಸಿದದ್ದು 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ.

ಗೋವೆಯ ಕಡೆಯಿಂದ ಹೋಗಬಹುದಿತ್ತಲ್ಲ ಎಂದು ಅಣ್ಣನ ಮಗಳು ಕೇಳುತ್ತಾಳೆ. ಮಡಗಾಂವ್ ಹತ್ತಿರ ನಿಜ. ಅದು 1961ರ ಡಿಸೆಂಬರಿನವರೆಗೆ ಪರದೇಶ. ಮಾಜಾಳಿಯಾಚೆ ಪೋರ್ಚುಗೀಜರ ಗಡಿ. 1955ರ ಸತ್ಯಾಗ್ರಹದ ನಂತರ ಕ್ಯಾಸಲ್‌ರಾಕ್ ದಾಟುವ ರೈಲೂ ನಿಂತಿತ್ತು. ವಿಮೋಚನೆಯಾಗಿ ರೈಲು ಮತ್ತೆ ಸುರುವಾದ ಮೇಲೂ ನಮ್ಮ ಹಿರಿಯರಿಗೆ ಹುಬ್ಬಳ್ಳಿಯ ದಾರಿಯೇ ರೂಢಿ. ಅಲ್ಲಿ ಮನುಷ್ಯರಿದ್ದರು, ಮಡಗಾಂವಿನಲ್ಲಿ ನಮ್ಮ ಮನೆಗೆ ಯಾರೂ ಇರಲಿಲ್ಲ.

ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರ ಜುಲೈನಲ್ಲಿ. ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿ, ಇ. ಶ್ರೀಧರನ್ ಮುಖ್ಯಸ್ಥರು. ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿ.ಮೀ., 91 ಸುರಂಗ. ಕಾರವಾರದ ಸುರಂಗವೊಂದೇ ಮೂರು ಕಿ.ಮೀ.ಗೆ ತುಸು ಕಡಿಮೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆ ಎರಡು ಕಿ.ಮೀ. ಚಿಲ್ಲರೆ, ಅಂದರೆ ಅಜ್ಜಿ ಹಗುರ ಮಾಡಿದ ಪಾಂಬನ್ನಿನಷ್ಟೇ ಉದ್ದ. 1998ರ ಜನವರಿ 26ರಿಂದ ಇಡೀ ಮಾರ್ಗ ತೆರೆಯಿತು. ಮೇ 1ರಿಂದ ಮತ್ಸ್ಯಗಂಧಾ ಓಡತೊಡಗಿತು. ಮುಂಬೈ ಒಂದು ರಾತ್ರಿಯ ಮಾತಾಯಿತು. ಮೂರು ತಲೆಮಾರಿನ ತಯಾರಿಯ ವಿದ್ಯೆಯೆಲ್ಲ, ಆಗಬೋಟಿನ ಪಂಚಾಂಗ, ಘಟ್ಟದ ಲಿಂಬೆಹಣ್ಣು, ಹುಬ್ಬಳ್ಳಿಯ ಮನುಷ್ಯ, ಒಂದೇ ವರ್ಷದಲ್ಲಿ ಕೆಲಸಕ್ಕೆ ಬಾರದಂತಾದವು.

ಮಳೆ ಮಾತ್ರ ತನ್ನ ಹಕ್ಕು ಬಿಟ್ಟುಕೊಡಲಿಲ್ಲ. ಕೊಂಕಣ ಮಾರ್ಗಕ್ಕೆ ವರ್ಷಕ್ಕೆ ಎರಡು ವೇಳಾಪಟ್ಟಿ. 2024ರವರೆಗೆ ಬಹಳ ವರ್ಷ ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಮಳೆಗಾಲದ್ದು, ಉಳಿದಂತೆ ಬೇಸಿಗೆಯದು ಎಂದಿತ್ತು. ಗುಡ್ಡ ಕಡಿದು ಮಾಡಿದ ದಾರಿ. ಮಣ್ಣು ಜಾರುತ್ತದೆ, ಬಂಡೆ ಉರುಳುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಗಾಡಿಗಳ ವೇಗ ಇಳಿಸಿ, ಹೊರಡುವ ಹೊತ್ತು ಬದಲಿಸುತ್ತಾರೆ. ಹಳಿಯುದ್ದಕ್ಕೂ ಕಾವಲುಗಾರರು ನಡೆಯುತ್ತಾರೆ. ಮುಂದಿನದು ಕಾಣದಷ್ಟು ಸುರಿದರೆ ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ. ಹಡಗು ನಿಲ್ಲುತ್ತಿದ್ದ ಅದೇ ತಿಂಗಳುಗಳಲ್ಲಿ ರೈಲು ನಿಧಾನವಾಗುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ನಾನು ಬೋಲ್ಪುರಕ್ಕೆ ಮೊದಲು ಆರಿಸಿದ್ದು ತಿಂಗಳನ್ನು: ಫೆಬ್ರವರಿ. ಆಮೇಲೆ ದಾರಿ.

ದಾರಿಯ ವಿಷಯಕ್ಕೇ ಜಗಳವಾದದ್ದು. ಮುಂಬೈಗೆ ಹೋಗಿ ಹೌರಾ ಗಾಡಿ ಹಿಡಿ ಎಂದು ಅಣ್ಣನ ಮಗಳು. ಅದು 2025, ಪ್ರಯಾಗದಲ್ಲಿ ಮಹಾಕುಂಭ. ಆ ದಿಕ್ಕಿನ ಗಾಡಿಗಳ ತಂಟೆಯೇ ಬೇಡ ಎಂದು ನಾನು. ಅಪ್ಪನ ಹೆದರಿಕೆ ನನಗೂ ಬಂದಿದೆ. ಹುಡುಕುತ್ತ ಹೋದಾಗ ವಾಸ್ಕೋದಿಂದ ಹೌರಾ ಕಡೆಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಕಣ್ಣಿಗೆ ಬಿತ್ತು. ಮಡಗಾಂವ್, ಲೋಂಡಾ, ಹುಬ್ಬಳ್ಳಿ, ಮುಂದೆ ಆಂಧ್ರದ ಮೇಲಿಂದ ಬಂಗಾಳ. ಹೌರಾದಿಂದ ಬೋಲ್ಪುರ ಕೆಲವೇ ತಾಸು. ಹುಬ್ಬಳ್ಳಿಯಲ್ಲೇ ಹತ್ತಬಹುದಿತ್ತು. ಆದರೆ ಶಿರವಾಡದಲ್ಲಿ ಹತ್ತಿ, ರೈಲಿನಲ್ಲೇ ಹುಬ್ಬಳ್ಳಿಗೆ ಹೋಗಬೇಕು ಎಂದು ನನಗೆ ಹಟ. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ 1990ರ ದಶಕದಲ್ಲೇ ಒಪ್ಪಿಗೆ ಸಿಕ್ಕಿದೆ. ಸುಮಾರು 164 ಕಿ.ಮೀ., ಹೆಚ್ಚಿನ ಪಾಲು ದಟ್ಟ ಕಾಡು. ಅರಣ್ಯದ ಅನುಮತಿ, ನ್ಯಾಯಾಲಯ ಎಂದು ಅದರ ಕಡತ ತಿರುಗುತ್ತಲೇ ಇದೆ. ಬರಲಿ ಎಂದು ಹೇಳುವ ಬಾಯಿಗೆ ಅರಬೈಲಿನ ಮರಗಳು ಅಡ್ಡ ಬರುತ್ತವೆ. ಬೇಡ ಎನ್ನಲು ಹೊರಟರೆ ಆ ನಕಾಶೆಯ ಹುಡುಗ.

ಅಂತೂ ಫೆಬ್ರವರಿಯ ಒಂದು ಸಂಜೆ ಶಿರವಾಡದಲ್ಲಿ ಗಾಡಿ ಹತ್ತಿದೆ. ಮಡಗಾಂವಿನಲ್ಲಿ ರಾತ್ರಿ ತಂಗಿ, ಬೆಳಗ್ಗೆ ಅಮರಾವತಿ ಹಿಡಿದೆ. ಕುಳೆಯಲ್ಲಿ ಹಿಂದಿನಿಂದ ನೂಕಲು ಇಂಜಿನ್ನುಗಳನ್ನು ಜೋಡಿಸಿದರು. 37 ಅಡಿಗೆ ಒಂದು ಅಡಿ ಏರುವ ದಾರಿ. ಗಾಡಿ ಏದುಸಿರು ಬಿಡುತ್ತ ದೂಧಸಾಗರ ದಾಟಿ ಕ್ಯಾಸಲ್‌ರಾಕ್‌ನಲ್ಲಿ ನಿಂತಿತು. ನೂಕಿದ ಇಂಜಿನ್ನುಗಳನ್ನು ಕಳಚುತ್ತಿದ್ದರು. ನಾನು ಇಳಿದು ಚಹಾ ತೆಗೆದುಕೊಂಡೆ. ಹಿಂದಿನ ಸಂಜೆ ಉತ್ತರ ಕನ್ನಡ ಜಿಲ್ಲೆ ಬಿಟ್ಟು, ಪರರಾಜ್ಯದಲ್ಲಿ ಮಲಗಿ ಎದ್ದು, ಮತ್ತೆ ಉತ್ತರ ಕನ್ನಡ ಜಿಲ್ಲೆಗೇ ಬಂದು ನಿಂತಿದ್ದೆ.

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಮಾತಿಗೆ ಬಂದರು.

"ಎಲ್ಲಿಂದ ಬಂದ್ರಿ ಅಕ್ಕಾರ?"

"ಕಾರವಾರದಿಂದ. ಹುಬ್ಬಳ್ಳಿ ಮೇಲೆ ಹೌರಾಕ್ಕೆ."

ಅವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

"ಕಾರವಾರದಿಂದ ಹುಬ್ಬಳ್ಳಿಗೆ ಹಿಂಗ್ಯಾಕ ಬಂದ್ರೀ? ಸೀದಾ ಬಸ್ ಹತ್ತೂದ ಬಿಟ್ಟು!"